ತಿಗಣೆಗೆ ಹಬೆ: ಕೀಟನಾಶಕ ಪರವಾನಗಿ ಬೇಕಿಲ್ಲ

ಹಬೆ ಹಿಡಿದು ತಿಗಣೆ ತೆಗೆಯುತ್ತೇನೆ ಎಂದಾಗ ತುಮಕೂರಿನಲ್ಲಿ ಔಷಧ ಹೊಡೆಯುವ ಹಳಬರು ಯಾರೂ ನಂಬಲಿಲ್ಲ. "ಲೈಸೆನ್ಸ್ ಇಲ್ಲದೆ ಕೈಹಾಕಿದರೆ ಕೇಸಾಗುತ್ತದೆ ಕಣಯ್ಯಾ" ಎಂದು ಹೆದರಿಸಿದರು. ಈಗ ಬಟವಾಡಿ ಕಡೆಯ ಪಿ.ಜಿ.ಗಳ ಕೆಲಸವನ್ನು ಅವರೇ ನನಗೆ ದಾಟಿಸುತ್ತಾರೆ.

1968ರ ಕೀಟನಾಶಕ ಕಾಯ್ದೆಯ 13ನೇ ಕಲಂ ಪರವಾನಗಿ ಕೇಳುವುದು ಕೀಟನಾಶಕ ಬಳಸಿ ದುಡಿಯುವವರನ್ನು. ಅದಕ್ಕೆ ಕೃಷಿ ಪದವಿ ಇಲ್ಲವೇ ರಸಾಯನಶಾಸ್ತ್ರ ಓದಿದ ವಿಜ್ಞಾನ ಪದವಿ ಬೇಕು, ಮೇಲೆ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ನಂಥ ಕಡೆ ತರಬೇತಿ. ನಾನು ಓದಿದ್ದು ಐ.ಟಿ.ಐ. ಆದರೆ ನನ್ನ ಯಂತ್ರದಲ್ಲಿರುವುದು ಬರೀ ನೀರು. ಕೆಲವರು 38ನೇ ಕಲಮಿನ ವಿನಾಯಿತಿ ತೋರಿಸಿ ಊರೆಲ್ಲ ಸಿಂಪಡಿಸುತ್ತಾರೆ. ಅದು ಸ್ವಂತ ಮನೆ, ಕೈತೋಟ, ತಾನೇ ಸಾಗುವಳಿ ಮಾಡುವ ಜಮೀನಿಗೆ ಕೊಟ್ಟದ್ದು. ಕೂಲಿ ಪಡೆದು ಪರರ ಮನೆಗೆ ಹೋದವನಿಗೆ ಸಲ್ಲುವುದಿಲ್ಲ. "ಬೇವಿನ ಔಷಧವನ್ನಾದರೂ ಹೊಡೆಯಿರಿ ಅಣ್ಣಾ" ಎನ್ನುವವರಿದ್ದಾರೆ. ಬೇವಿನಲ್ಲಿರುವ ಅಜಾಡಿರಕ್ಟಿನ್ ಕೂಡ ಕಾಯ್ದೆಯ ಲೆಕ್ಕದಲ್ಲಿ ಕೀಟನಾಶಕವೇ. ಅಂಥ ಡಬ್ಬಿಯನ್ನು ನನ್ನ ಚೀಲದ ಹತ್ತಿರಕ್ಕೂ ಬಿಡುವುದಿಲ್ಲ. ಪಾಲಿಕೆಯ ಉದ್ದಿಮೆ ಪರವಾನಗಿ ಬೇರೆ; ಅದನ್ನು ಮಾಡಿಸಿಟ್ಟಿದ್ದೇನೆ.

ಮೊದಲ ಯಂತ್ರಕ್ಕೆ ಎಂಟು ಸಾವಿರದ ಹತ್ತಿರ ಸುರಿದೆ. ಹಬೆಗಿಂತ ನೀರನ್ನೇ ಹೆಚ್ಚು ಉಗುಳಿತು. ಹಾಸಿಗೆಗಳು ಎರಡು ದಿನ ಒಣಗಲಿಲ್ಲ, ಹಾಸ್ಟೆಲ್ಲಿನವರು ಅರ್ಧ ಹಣ ಹಿಡಿದುಕೊಂಡರು. ಎರಡನೆಯದು ಮೂವತ್ತೈದು ಸಾವಿರದ ಆಸುಪಾಸು. ಅದರ ಒತ್ತಡ ಎಷ್ಟಿತ್ತೆಂದರೆ ತಿಗಣೆಗಳು ಸಾಯುವ ಮೊದಲೇ ಹಾರಿ ಗೋಡೆಯ ಬಿರುಕು ಸೇರಿದವು. ಕೊನೆಗೆ ದಾರಿ ಸಿಕ್ಕಿದ್ದು ಒತ್ತಡ ತಗ್ಗಿಸಿ, ಕೊಳವೆಯ ಬಾಯಿಗೆ ಬಟ್ಟೆ ಸುತ್ತಿದಾಗ. ಯಾವ ಬಟ್ಟೆ, ಎಷ್ಟು ಸುತ್ತು ಎಂಬುದನ್ನು ಹೇಳಲಾರೆ, ನನ್ನ ಅನ್ನ ಅದರಲ್ಲಿದೆ. ಹಾಸಿಗೆಯ ಹೊಲಿಗೆಯ ಮೇಲೆ ಒಂದು ಅಡಿ ಸಾಗಲು ಹತ್ತು ಹನ್ನೆರಡು ಸೆಕೆಂಡು ಕೊಡಬೇಕು. ಕೊಳವೆ ದಾಟಿದೊಡನೆ ತಾಪಮಾಪಕ ಹಿಡಿದರೆ ಎಪ್ಪತ್ತು ಡಿಗ್ರಿಯಾದರೂ ತೋರಿಸಬೇಕು. ಕಬ್ಬಿಣದ ಮಂಚದಲ್ಲಿ ಬೋಲ್ಟಿನ ತೂತೇ ಅವುಗಳ ತವರು. ಬೋಲ್ಟ್ ಬಿಚ್ಚದೆ ಮಾಡಿದ ಕೆಲಸ ನೀರಿನಲ್ಲಿ ಹೋಮ.

ನಡುವೆ ಏಪ್ರಿಲ್ ಬಿಸಿಲಿನಲ್ಲಿ ಹಾಸಿಗೆಗಳನ್ನು ಕಪ್ಪು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿ ತಾರಸಿಯ ಮೇಲಿಟ್ಟು ನೋಡಿದೆ. ಬಟ್ಟೆಬರೆಗೆ ಸಾಕಾಯಿತು, ದಪ್ಪ ಹಾಸಿಗೆಯ ಒಳಕ್ಕೆ ಕಾವು ಇಳಿಯಲಿಲ್ಲ. ತಿಪಟೂರಿನ ಒಂದು ಕೊಬ್ಬರಿ ಗೋದಾಮಿನಲ್ಲಿ ಹೀಗೆಯೇ ಔಷಧವಿಲ್ಲದೆ ಇಲಿಯನ್ನೂ ಹಿಡಿದೆ: ಬೋನಿನ ಬಾಗಿಲನ್ನು ಮೂರು ನಾಲ್ಕು ದಿನ ತೆರೆದೇ ಕಟ್ಟಿ ಕೊಬ್ಬರಿ ತಿನ್ನಿಸಿ, ಆಮೇಲೆ ಒಂದೇ ರಾತ್ರಿ ಎಲ್ಲ ಬೋನುಗಳ ಬಾಗಿಲು ಸಜ್ಜುಮಾಡಿದೆ. ಬೆಳಿಗ್ಗೆ ಖಾಲಿ ಉಳಿದ ಬೋನು ಒಂದೋ ಎರಡೋ.

ಮಂಚಕ್ಕೆ ಇನ್ನೂರರಂತೆ ಪಡೆಯುತ್ತೇನೆ. ಔಷಧ ಹೊಡೆಯುವವರು ಕೇಳುವುದು ಅದಕ್ಕಿಂತ ಕಡಿಮೆ, ಆದರೆ ನಾನು ಹಬೆ ಹಿಡಿದ ಕೋಣೆಯಲ್ಲಿ ಅಲ್ಲಿಯ ಹುಡುಗರು ಆ ರಾತ್ರಿಯೇ ಮಲಗಬಹುದು. ತಪ್ಪಿಸಿಕೊಂಡ ಮೊಟ್ಟೆಗಳು ಒಡೆಯುವ ಹೊತ್ತಿಗೆ, ಎರಡು ವಾರದೊಳಗೆ, ಎರಡನೆಯ ಸುತ್ತಿಗೆ ಹೋಗುತ್ತೇನೆ. ಈ ಕೆಲಸಕ್ಕೆ ಇಳಿಯುವವರು ಅದರ ಹಣವನ್ನು ಮುಂಗಡವಾಗಿಯೇ ಪಡೆಯಿರಿ. ತಿಗಣೆ ಕಾಣದಿದ್ದರೆ ಮಾಲೀಕರು ಬಾಗಿಲು ತೆಗೆಯುವುದಿಲ್ಲ.