ಗಡ್ಡೆ ಒಂದೇನಾ? ಪ್ಲಾಸ್ಮಾಸೈಟೋಮಾ ರಿಪೋರ್ಟ್ ಬಂದ ಮೇಲೆ ಏನೇನು ಮಾಡಬೇಕು

ಬೆನ್ನು ನೋವು ಅಂತ ತೋರಿಸಲು ಹೋದವರ ಕೈಗೆ ಒಂದೊಂದು ಸಲ ಇಂಥ ಬಯಾಪ್ಸಿ ರಿಪೋರ್ಟ್ ಬರುತ್ತದೆ: ಪ್ಲಾಸ್ಮಾಸೈಟೋಮಾ. ಕೇಳಿ ಗೊತ್ತಿಲ್ಲದ ಹೆಸರು. ಪ್ಲಾಸ್ಮಾ ಕೋಶ ಎಂಬ ಒಂದು ಬಗೆಯ ಬಿಳಿ ರಕ್ತಕಣ ಕೆಟ್ಟು ಒಂದೆಡೆ ಕಟ್ಟುವ ಗಡ್ಡೆ ಇದು. ಫೋನಿನಲ್ಲಿ ಹುಡುಕಿದರೆ ಮಲ್ಟಿಪಲ್ ಮೈಲೋಮಾ, ಅಂದರೆ ಇದೇ ಕೋಶಗಳು ಮೂಳೆ ಮಜ್ಜೆಯಲ್ಲಿ ಹರಡುವ ಕ್ಯಾನ್ಸರ್, ಎಂಬ ದೊಡ್ಡ ಕಾಯಿಲೆಯ ವಿಷಯವೇ ಬರುತ್ತದೆ. ಎದೆ ಧಸಕ್ ಅನ್ನುತ್ತದೆ. ಸ್ವಲ್ಪ ತಡೆಯಿರಿ. ಎರಡೂ ಒಂದೇ ಬೇರಿನ ಕಾಯಿಲೆಗಳು, ನಿಜ. ಆದರೆ ಗಡ್ಡೆ ಒಂದೇ ಜಾಗದಲ್ಲಿದ್ದರೆ ಪೂರ್ತಿ ವಾಸಿ ಮಾಡಬೇಕು ಎಂದುಕೊಂಡೇ ಡಾಕ್ಟರು ಚಿಕಿತ್ಸೆಗೆ ಕೈ ಹಾಕುತ್ತಾರೆ. ಹಾಗಾಗಿ ಎಲ್ಲವೂ ನಿಂತಿರುವುದು "ಒಂದೇ" ಎಂಬ ಆ ಮಾತಿನ ಮೇಲೆ.

ಮೊದಲು: ತಡೆಯಲಾಗದ ಲಕ್ಷಣಗಳು

ಮೂಳೆಯಲ್ಲಿ ಬರುವ ಒಂಟಿ ಗಡ್ಡೆ ಬೆನ್ನುಮೂಳೆಯಲ್ಲೇ ಜಾಸ್ತಿ. ಸೊಂಟದ ಮೂಳೆ, ಪಕ್ಕೆಲುಬು, ತಲೆಬುರುಡೆಯಲ್ಲೂ ಬರಬಹುದು. ಬೆನ್ನಿನಲ್ಲಿದ್ದಾಗ ಅದು ನರದ ಹುರಿಯನ್ನು ಒತ್ತಬಹುದು. ಕಾಲಿನ ಶಕ್ತಿ ಕುಂದಿದರೆ, ಮರಗಟ್ಟಿದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ ಬೆಳಗಾಗಲಿ ಅಂತ ಕಾಯಬೇಡಿ. ಅವತ್ತೇ, ಆಗಲೇ ಆಸ್ಪತ್ರೆಗೆ ಹೋಗಬೇಕು. ಒತ್ತಿ ಹೋದ ನರ ತಡವಾದಷ್ಟೂ ಚೇತರಿಸಿಕೊಳ್ಳುವುದು ಕಷ್ಟ.

ರಿಪೋರ್ಟನ್ನು ಬಿಡಿಸಿ ಓದಿ

ಪ್ಲಾಸ್ಮಾ ಕೋಶಗಳು ನಮ್ಮ ಮೈಯ ಕಾವಲುಗಾರರು. ಸೋಂಕಿನ ವಿರುದ್ಧ ಹೋರಾಡುವ ಪ್ರತಿಕಾಯ ಎಂಬ ಪ್ರೋಟೀನ್ ತಯಾರಿಸುವುದು ಇವುಗಳ ಕೆಲಸ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮೊಟ್ಟೆಯಾಕಾರದ ಕೋಶ, ನಡುವೆ ಇರದೆ ಒಂದು ಬದಿಗೆ ಸರಿದ ದುಂಡನೆಯ ಕೋಶಕೇಂದ್ರ, ಅದರೊಳಗೆ ಗಾಡಿ ಚಕ್ರದ ಕಡ್ಡಿಗಳಂತೆ ಕಾಣುವ ಗುರುತು. ಒಮ್ಮೆ ನೋಡಿದವರು ಮರೆಯುವುದಿಲ್ಲ.

ಆದರೆ ಪ್ಲಾಸ್ಮಾ ಕೋಶ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಹಳೆಯ ಸೋಂಕು, ಉರಿಯೂತ ಇದ್ದಲ್ಲೂ ಇವು ಗುಂಪುಗೂಡುತ್ತವೆ. ವ್ಯತ್ಯಾಸ ಹೇಳುವುದು ಕಪ್ಪಾ, ಲ್ಯಾಮ್ಡಾ ಪರೀಕ್ಷೆ. ಪ್ರತಿಕಾಯದಲ್ಲಿರುವ ಹಗುರ ಸರಪಳಿ ಈ ಎರಡರಲ್ಲಿ ಒಂದು ಬಗೆಯದು. ಸಾಮಾನ್ಯ ಗುಂಪಿನಲ್ಲಿ ಎರಡೂ ಬಗೆಯ ಕೋಶಗಳು ಬೆರೆತಿರುತ್ತವೆ. ಗಡ್ಡೆಯಲ್ಲಿ ಹೆಚ್ಚುಕಡಿಮೆ ಎಲ್ಲವೂ ಒಂದೇ ಬಗೆಯವು, ಅಂದರೆ ಒಂದೇ ಕೋಶದ ಸಂತಾನ. ನಿಮ್ಮ ರಿಪೋರ್ಟಿನಲ್ಲಿ ಸಿಡಿ138 (ಪ್ಲಾಸ್ಮಾ ಕೋಶವನ್ನು ಪತ್ತೆಹಚ್ಚುವ ಗುರುತು) ಮತ್ತು ಕಪ್ಪಾ ಅಥವಾ ಲ್ಯಾಮ್ಡಾ ಮಾತು ಇದೆಯಾ ನೋಡಿ. ಇಲ್ಲದಿದ್ದರೆ ಕೇಳಿ. ಕೇಳಲು ಸಂಕೋಚ ಬೇಡ.

ಒಂದೇ ಅನ್ನುವುದು ರುಜುವಾತಾಗಲಿ

ಇಲ್ಲಿ ಆತುರ ಪಡಬಾರದು. ನರದ ತುರ್ತು ಇಲ್ಲದಿದ್ದರೆ ಈ ಪರೀಕ್ಷೆಗಳೆಲ್ಲ ಮುಗಿದ ಮೇಲೆಯೇ ಚಿಕಿತ್ಸೆ ಶುರುವಾಗಲಿ.

ಒಂದು, ಮೂಳೆ ಮಜ್ಜೆಯ ಪರೀಕ್ಷೆ. ಸೊಂಟದ ಹಿಂಬದಿ ಮೂಳೆಗೆ ಮರಗಟ್ಟುವ ಇಂಜೆಕ್ಷನ್ ಕೊಟ್ಟು ಸೂಜಿಯಿಂದ ಮಜ್ಜೆ ತೆಗೆಯುತ್ತಾರೆ. ಎಳೆಯುವ ಆ ಕೆಲವು ಕ್ಷಣ ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಇಡೀ ದಾರಿಯಲ್ಲಿ ಇದಕ್ಕಿಂತ ಮುಖ್ಯ ಪರೀಕ್ಷೆ ಇನ್ನೊಂದಿಲ್ಲ. ಅಂತರರಾಷ್ಟ್ರೀಯ ಮೈಲೋಮಾ ತಜ್ಞರ ಗುಂಪು 2014ರಲ್ಲಿ ಹಾಕಿಕೊಟ್ಟ ಗೆರೆ ಹೀಗಿದೆ: ಮಜ್ಜೆಯಲ್ಲಿ ಕೆಟ್ಟ ಪ್ಲಾಸ್ಮಾ ಕೋಶಗಳೇ ಇಲ್ಲದಿದ್ದರೆ ಅದು ಅಪ್ಪಟ ಒಂಟಿ ಗಡ್ಡೆ. ಇದ್ದು, ಶೇ 10ಕ್ಕಿಂತ ಕಡಿಮೆ ಇದ್ದರೆ ಅದಕ್ಕೆ ಬೇರೆಯೇ ಗುಂಪು. ಆ ಗುಂಪಿನಲ್ಲಿ ಮುಂದೆ ಮೈಲೋಮಾ ಆಗುವ ಸಾಧ್ಯತೆ ಜಾಸ್ತಿ.

ಎರಡು, ಸ್ಕ್ಯಾನ್. ಪೆಟ್-ಸಿಟಿ ಇಡೀ ಮೈಯನ್ನು ಒಮ್ಮೆಗೇ ನೋಡುತ್ತದೆ. ಎಂಆರ್‌ಐ ಬೆನ್ನುಮೂಳೆ ಮತ್ತು ಸೊಂಟದೊಳಗಿನ ಸಣ್ಣ ಮಚ್ಚೆಯನ್ನೂ ಹಿಡಿಯುತ್ತದೆ. ಸುಮ್ನೆ ಎಕ್ಸ್-ರೇ ನೋಡಿ "ಒಂದೇ ಇದೆ" ಅಂದರೆ ಒಪ್ಪಬೇಡಿ. ಮೂಳೆ ಸಾಕಷ್ಟು ಸವೆಯುವವರೆಗೆ ಎಕ್ಸ್-ರೇಗೆ ಏನೂ ಕಾಣುವುದಿಲ್ಲ.

ಮೂರು, ರಕ್ತ ಮತ್ತು ಮೂತ್ರ. ಹಿಮೋಗ್ಲೋಬಿನ್, ಕ್ಯಾಲ್ಸಿಯಂ, ಕಿಡ್ನಿ ಪರೀಕ್ಷೆ ಹೇಗೂ ಆಗುತ್ತದೆ. ಇವು ಈ ಕಾಯಿಲೆಯಿಂದ ಕೆಟ್ಟಿರಬಾರದು. ಜೊತೆಗೆ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್ ಎಂಬುದೊಂದಿದೆ, ಪ್ರೋಟೀನ್‌ಗಳನ್ನು ಬಗೆಬಗೆಯಾಗಿ ಬೇರ್ಪಡಿಸಿ ತೋರಿಸುವ ಪರೀಕ್ಷೆ. ಅದರ ಗೆರೆಚಿತ್ರ ನೋಡಿ. ಕೊನೆಯಲ್ಲಿ ಇಳಿಜಾರು ಗುಡ್ಡದಂತೆ ಇರಬೇಕಾದ ಜಾಗದಲ್ಲಿ ಕೆಲವರಿಗೆ ಮೊಳೆಯಂತೆ ಚೂಪಾದ ಒಂದು ಏರು ಕಾಣುತ್ತದೆ. ಅದೇ ಎಂ ಪ್ರೋಟೀನ್, ಗಡ್ಡೆಯ ಕೋಶಗಳು ಸುರಿಸಿದ ಒಂದೇ ಬಗೆಯ ಸರಕು. ಒಂಟಿ ಗಡ್ಡೆಯಲ್ಲಿ ಇದು ಇಲ್ಲದೆಯೂ ಇರಬಹುದು, ಇದ್ದರೆ ಸಾಮಾನ್ಯವಾಗಿ ಸ್ವಲ್ಪವೇ. ಹಗುರ ಸರಪಳಿಯ ರಕ್ತ ಪರೀಕ್ಷೆಯನ್ನೂ ಈಗಲೇ ಮಾಡಿಸಿ. ಈ ಮೊದಲ ಅಂಕಿಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಇವೇ ಬೇಕು.

ಮೂಳೆಯೋ, ಮೆದು ಭಾಗವೋ

ಮೂಳೆಯ ಹೊರಗೆ ಬರುವ ಗಡ್ಡೆ ಹೆಚ್ಚಾಗಿ ಮೂಗು, ಸೈನಸ್, ಗಂಟಲಿನ ಸುತ್ತ ಇರುತ್ತದೆ. ಮೂಗು ಕಟ್ಟುವುದು, ಮತ್ತೆ ಮತ್ತೆ ರಕ್ತ ಬರುವುದು, ಸ್ವರ ಬದಲಾಗುವುದು ಇದರ ಲಕ್ಷಣ. ಎಲ್ಲರೂ ನೆಗಡಿ ಅಂದುಕೊಳ್ಳುವಂಥವು, ಅಲ್ವಾ? ಇದರಲ್ಲಿ ಪೂರ್ತಿ ವಾಸಿಯಾಗುವ ಅವಕಾಶ ಮೂಳೆಯ ಗಡ್ಡೆಗಿಂತ ಚೆನ್ನಾಗಿದೆ. ಮೂಳೆಯದ್ದಾದರೆ ಸುಮಾರು ಅರ್ಧದಷ್ಟು ಜನರಲ್ಲಿ ಹತ್ತು ವರ್ಷದೊಳಗೆ ಮೈಲೋಮಾ ಆಗಬಹುದು. ಓದಲು ಕಷ್ಟದ ಮಾತು. ಆದರೆ ಇದು ಗೊತ್ತಿದ್ದವರು ತಪಾಸಣೆ ತಪ್ಪಿಸುವುದಿಲ್ಲ ಅಂತಲೇ ಬರೆಯುತ್ತಿದ್ದೇನೆ.

ರೇಡಿಯೇಶನ್ ದಿನಗಳು

ಎರಡಕ್ಕೂ ಮುಖ್ಯ ಚಿಕಿತ್ಸೆ ರೇಡಿಯೇಶನ್. ಒಟ್ಟು 40ರಿಂದ 50 ಗ್ರೇ (ರೇಡಿಯೇಶನ್ ಡೋಸಿನ ಅಳತೆ), ವಾರಕ್ಕೆ ಐದು ದಿನದಂತೆ ನಾಲ್ಕೈದು ವಾರ. ದೊಡ್ಡ ಗಡ್ಡೆಗೆ ಡೋಸ್ ಸ್ವಲ್ಪ ಹೆಚ್ಚು. ಈ ಕೋಶಗಳು ರೇಡಿಯೇಶನ್‌ಗೆ ಬೇಗ ಬಗ್ಗುತ್ತವೆ. ಹೆಚ್ಚಿನವರಲ್ಲಿ ಆ ಜಾಗದಲ್ಲಿ ಗಡ್ಡೆ ಮತ್ತೆ ಬೆಳೆಯುವುದಿಲ್ಲ. ತಲೆ, ಕುತ್ತಿಗೆ ಭಾಗಕ್ಕಾದರೆ ಮೊದಲೇ ಹಲ್ಲಿನ ಡಾಕ್ಟರಿಗೆ ತೋರಿಸಿ. ಕೆಟ್ಟ ಹಲ್ಲು ಕೀಳಬೇಕಿದ್ದರೆ ಅದು ರೇಡಿಯೇಶನ್‌ಗೆ ಮುಂಚೆಯೇ ಆಗಬೇಕು, ಆಮೇಲೆ ಕಿತ್ತರೆ ದವಡೆಯ ಗಾಯ ಮಾಯುವುದು ಕಷ್ಟ.

ಮೂಳೆ ಮುರಿದಿದ್ದರೆ, ಕುಸಿಯುವಂತಿದ್ದರೆ, ನರ ಒತ್ತಿದ್ದರೆ ಆಪರೇಷನ್ ಬೇಕಾಗಬಹುದು. ಕೀಮೋ ಎಲ್ಲರಿಗೂ ಕೊಡುವುದಿಲ್ಲ.

ಆಮೇಲೆ

ಸ್ಕ್ಯಾನಿನಲ್ಲಿ ಮೂಳೆಯ ತೂತು ಹಾಗೇ ಉಳಿದಿದ್ದರೆ ಗಾಬರಿ ಬೇಡ. ಗಡ್ಡೆ ಸತ್ತರೂ ಮೂಳೆ ತುಂಬಿಕೊಳ್ಳಲು ತುಂಬಾ ದಿನ ಬೇಕು, ಕೆಲವರಿಗೆ ಪೂರ್ತಿ ತುಂಬುವುದೂ ಇಲ್ಲ. ಎಂ ಪ್ರೋಟೀನ್ ಇದ್ದವರಲ್ಲಿ ಅದು ತಿಂಗಳುಗಟ್ಟಲೆ ನಿಧಾನವಾಗಿ ಇಳಿಯುತ್ತದೆ. ವರ್ಷ ಕಳೆದರೂ ಹಾಗೇ ನಿಂತಿದ್ದರೆ ಎಲ್ಲೋ ಇನ್ನೂ ಕೋಶಗಳು ಉಳಿದಿರಬಹುದು, ಡಾಕ್ಟರು ಹತ್ತಿರದಿಂದ ಗಮನಿಸುತ್ತಾರೆ.

ಮೊದಮೊದಲು ಮೂರರಿಂದ ಆರು ತಿಂಗಳಿಗೊಮ್ಮೆ ತಪಾಸಣೆ, ಮತ್ತೆ ವರ್ಷಗಳ ಕಾಲ ಅದು ನಡೆಯುತ್ತಲೇ ಇರಬೇಕು. ನಡುವೆ ಹೊಸ ಜಾಗದಲ್ಲಿ ಮೂಳೆ ನೋವು, ಕಾರಣವಿಲ್ಲದ ಸುಸ್ತು, ಪದೇ ಪದೇ ಸೋಂಕು, ನೊರೆ ನೊರೆ ಮೂತ್ರ ಕಂಡರೆ ಮುಂದಿನ ತಾರೀಖಿಗೆ ಕಾಯದೆ ಫೈಲ್ ತೆಗೆದುಕೊಂಡು ಹೋಗಿ. ಆ ಹಳೆಯ ಗೆರೆಚಿತ್ರವೂ ಅದರಲ್ಲಿರಲಿ.