ಡಿಡಿ ಫ್ರೀ ಡಿಶ್: ತಾರಸಿಯ ಮೇಲೆ ನಾನೇ ಕೂರಿಸಿದ ಬಗೆ

ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ, ನಾಲ್ಕು ಹನಿ ಬಿದ್ದೊಡನೆ ‘ನೋ ಸಿಗ್ನಲ್’ ಬರುತ್ತಿದ್ದರೆ, ಅಂಗಡಿಯವರು ಹೇಳುವುದು ದೊಡ್ಡ ಡಿಶ್ ಹಾಕಿಸಿ ಎಂದು. ಅದಕ್ಕೂ ಮೊದಲು ಕಂಬ ಮತ್ತು ಕೇಬಲ್ ತುದಿಯ ಕನೆಕ್ಟರ್ ನೋಡಿ. ನಾನು ಬಿಚ್ಚಿ ನೋಡಿದ ಡಿಶ್‌ಗಳಲ್ಲಿ ಹೆಚ್ಚಿನವಕ್ಕೆ ರೋಗ ಇದ್ದದ್ದು ಅಲ್ಲೇ.

ದೂರದರ್ಶನದ ಉಚಿತ ಸೇವೆಯಾದ ಫ್ರೀ ಡಿಶ್‌ನ ಚಾನೆಲ್‌ಗಳು ಬರುವುದು ಜಿಸ್ಯಾಟ್-15 ಉಪಗ್ರಹದಿಂದ. 2015ರ ನವೆಂಬರ್‌ನಲ್ಲಿ ಹಾರಿದ ಇದು 93.5 ಡಿಗ್ರಿ ಪೂರ್ವ ರೇಖಾಂಶದ ನೆತ್ತಿಯಲ್ಲಿದೆ. ನಮ್ಮ ಕಡೆಯಿಂದ ನೋಡಿದರೆ ಆಗ್ನೇಯದಲ್ಲಿ, ಸಾಕಷ್ಟು ಎತ್ತರದಲ್ಲಿ. ಉತ್ತರದಿಂದ ಬಲಸುತ್ತಾಗಿ ಎಣಿಸಿದರೆ ಬೆಂಗಳೂರಿಗೆ 128 ಡಿಗ್ರಿ ದಿಕ್ಕು, ದಿಗಂತದಿಂದ 66 ಡಿಗ್ರಿ ಎತ್ತರ; ಮಂಗಳೂರಿಗೆ 123–124 ಮತ್ತು 64; ಬೀದರ್‌ಗೆ 137 ಮತ್ತು 62. ದಿಕ್ಸೂಚಿಯನ್ನು ಕಬ್ಬಿಣದ ಕಂಬದ ಪಕ್ಕ ಹಿಡಿಯಬೇಡಿ, ಸುಳ್ಳು ತೋರಿಸುತ್ತದೆ. ನಾಲ್ಕು ಹೆಜ್ಜೆ ದೂರ ನಿಂತು ದಿಕ್ಕು ನೋಡಿ, ಆ ನೇರದಲ್ಲಿ ಒಂದು ಗುರುತು ಇಟ್ಟುಕೊಳ್ಳಿ.

ಮೊದಲ ಕೆಲಸ ಕಂಬದ್ದು. ಪ್ಯಾರಾಪೆಟ್ ಗೋಡೆಯ ಸಿಮೆಂಟ್ ಗಾರೆಗೆ ಮೊಳೆ ಹೊಡೆದು ನಿಲ್ಲಿಸಿದ ಸ್ಟ್ಯಾಂಡ್ ಒಂದು ಮಳೆಗಾಲ ದಾಟುವುದು ಕಷ್ಟ. ಕಾಂಕ್ರೀಟಿಗೇ ರಂಧ್ರ ಕೊರೆದು 10 ಎಂಎಂ ಆಂಕರ್ ಬೋಲ್ಟ್ ಹಾಕಿ. ಕಂಬಕ್ಕೆ ರಸಮಟ್ಟವನ್ನು ಎರಡು ಪಕ್ಕಕ್ಕೆ ಹಿಡಿದು ನೋಡಿ, ಎರಡರಲ್ಲೂ ಗುಳ್ಳೆ ನಡುವೆ ನಿಲ್ಲಬೇಕು. ಕಂಬ ಎರಡು ಡಿಗ್ರಿ ವಾಲಿದ್ದರೆ ಡಿಶ್ ತಿರುಗಿಸಿದಂತೆಲ್ಲ ಎತ್ತರವೂ ಬದಲಾಗುತ್ತದೆ. ಆಮೇಲೆ ಬ್ರಾಕೆಟ್ಟಿನ ಅಂಕಿಗಳಿಗೆ ಅರ್ಥವೇ ಉಳಿಯುವುದಿಲ್ಲ.

ಮನೆಗಳ ಮೇಲಿರುವುದು ಆಫ್‌ಸೆಟ್ ಡಿಶ್. ತಟ್ಟೆಯ ಮುಖ ನೋಡುವ ಕಡೆಗಿಂತ ಸುಮಾರು 25 ಡಿಗ್ರಿ ಮೇಲಿನಿಂದ ಅದು ಸಿಗ್ನಲ್ ಹಿಡಿಯುತ್ತದೆ. ಹಾಗಾಗಿ ಬೆಂಗಳೂರಿನಲ್ಲಿ ತಟ್ಟೆ ನೆಟ್ಟಗಿನ ಸ್ಥಿತಿಯಿಂದ ಹಿಂದಕ್ಕೆ ವಾಲುವುದು 41 ಡಿಗ್ರಿಯ ಆಸುಪಾಸು, 66 ಅಲ್ಲ. ಅಡ್ಡ ಬಂದಿರುವ ಮರ ಹುಡುಕುವಾಗಲೂ ತಟ್ಟೆಯ ಮುಖದ ನೇರ ನೋಡಬೇಡಿ, ಅದಕ್ಕಿಂತ ಮೇಲೆ ನೋಡಿ.

ಸೆಟ್‌ಟಾಪ್ ಬಾಕ್ಸ್‌ನ ಮೆನುವಿನಲ್ಲಿ ಎಲ್‌ಎನ್‌ಬಿ (ತಟ್ಟೆಯ ಮುಂದೆ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಭಾಗ) ‘ಯೂನಿವರ್ಸಲ್’, 9750/10600 ಇರಲಿ. ಒಂದು ಟ್ರಾನ್ಸ್‌ಪಾಂಡರ್ (ಉಪಗ್ರಹದಿಂದ ಚಾನೆಲ್‌ಗಳ ಒಂದು ಗುಂಪನ್ನು ಕಳಿಸುವ ಸಾಧನ) ತೆರೆಯಿರಿ: ಫ್ರೀಕ್ವೆನ್ಸಿ 11090, ವರ್ಟಿಕಲ್, ಸಿಂಬಲ್ ರೇಟ್ 29500. ಅಲ್ಲಿ ಎರಡು ಪಟ್ಟಿ ಕಾಣುತ್ತವೆ. ‘ಸ್ಟ್ರೆಂತ್’ ಪಟ್ಟಿ ಡಿಶ್ ಎತ್ತ ತಿರುಗಿದ್ದರೂ ತುಂಬಿಕೊಂಡಿರಬಹುದು. ಎಲ್‌ಎನ್‌ಬಿಗೆ ಕರೆಂಟ್ ಹೋಗುತ್ತಿದೆ ಎನ್ನುವುದಕ್ಕಿಂತ ಹೆಚ್ಚೇನನ್ನೂ ಅದು ಹೇಳುವುದಿಲ್ಲ. ನೋಡಬೇಕಾದದ್ದು ‘ಕ್ವಾಲಿಟಿ’. ಅದು ಸೊನ್ನೆಯಲ್ಲೇ ಇದ್ದರೆ ಪಕ್ಕದ ಉಪಗ್ರಹಕ್ಕೆ ಸಿಕ್ಕಿಬಿದ್ದಿರಬಹುದು. ಡಿಶ್ ಟಿವಿ ಬಳಸುವ ಉಪಗ್ರಹದ 95 ಡಿಗ್ರಿ ಕೇವಲ ಒಂದೂವರೆ ಡಿಗ್ರಿ ಆಚೆಗಿದೆ.

ಎತ್ತರ ಕೂರಿಸಿ ನಟ್ಟು ಅರ್ಧ ಬಿಗಿ ಮಾಡಿ, ಗುರುತಿನ ಅತ್ತಿತ್ತ ನಿಧಾನ ತಿರುಗಿಸಿ. ಬಾಕ್ಸ್ ಪಟ್ಟಿ ಒಂದೆರಡು ಸೆಕೆಂಡ್ ತಡವಾಗಿ ಏಳುತ್ತದೆ. ಆದ್ದರಿಂದ ಚೂರು ಸರಿಸಿ, ನಿಲ್ಲಿಸಿ, ನೋಡಿ. ಉಪಗ್ರಹ ಇಷ್ಟು ಎತ್ತರದಲ್ಲಿರುವಾಗ ಕಂಬದ ಮೇಲೆ ಎರಡೂವರೆ ಡಿಗ್ರಿ ತಿರುಗಿಸಿದರೆ ಆಕಾಶದಲ್ಲಿ ಸರಿಯುವುದು ಒಂದೇ ಡಿಗ್ರಿ. ಎತ್ತರಕ್ಕೆ ಆ ರಿಯಾಯಿತಿ ಇಲ್ಲ, ಒಂದು ಡಿಗ್ರಿ ತಪ್ಪಿದರೆ ಒಂದು ಡಿಗ್ರಿಯೇ ತಪ್ಪಿತು. ಕ್ವಾಲಿಟಿ ಕಂಡ ಮೇಲೆ ಮೊದಲು ಎತ್ತರ, ಆಮೇಲೆ ದಿಕ್ಕು, ಕೊನೆಗೆ ಎಲ್‌ಎನ್‌ಬಿಯ ತಿರುವು, ಅಂದರೆ ಅದನ್ನು ಕ್ಲಾಂಪಿನೊಳಗೇ ಎಡಕ್ಕೋ ಬಲಕ್ಕೋ ಹೊರಳಿಸುವುದು. ಬೆಂಗಳೂರಿನಲ್ಲಿ ಈ ತಿರುವು ಲೆಕ್ಕಕ್ಕೆ 50 ಡಿಗ್ರಿಯ ಹತ್ತಿರ ಬರುತ್ತದೆ. ನೇರವಾಗಿ ಸಿಕ್ಕಿಸಿ ಬಿಟ್ಟ ಎಲ್‌ಎನ್‌ಬಿ ಬಿಸಿಲಲ್ಲಿ ಹೇಗೋ ನಡೆಸಿ ಮಳೆಯಲ್ಲಿ ಕೈಕೊಡಲು ಇದೂ ಒಂದು ಕಾರಣ. ಎರಡೂ ಕಡೆ ತಿರುಗಿಸಿ, ಕ್ವಾಲಿಟಿ ಅತಿ ಹೆಚ್ಚು ಬಂದಲ್ಲಿ ಕ್ಲಾಂಪ್ ಬಿಗಿ ಮಾಡಿ. ನಟ್ಟು ಬಿಗಿಯುವಾಗ ಡಿಶ್ ಜರುಗುತ್ತದೆ. ಎಡಬಲ ನಟ್ಟುಗಳನ್ನು ಸರದಿಯಂತೆ ಸ್ವಲ್ಪಸ್ವಲ್ಪವೇ ಬಿಗಿಯಿರಿ.

ಕೇಬಲ್ ಆರ್‌ಜಿ-6, ನಡುವೆ ಎಲ್ಲೂ ಜೋಡಣೆ ಇಲ್ಲದ ಒಂದೇ ತುಂಡು. 25 ಮೀಟರಿನವರೆಗೆ ಆಂಪ್ಲಿಫೈಯರ್ ಬೇಕಿಲ್ಲ. ಕೇಬಲ್ ತುದಿಗೆ ಎಫ್ ಕನೆಕ್ಟರ್ ಹಾಕುವಾಗ ನಡುವಿನ ತಂತಿ ಅಂಚಿನಿಂದ 2–3 ಎಂಎಂ ಹೊರಗಿರಲಿ. ಕೇಬಲ್‌ನೊಳಗೆ ಸುತ್ತಲಿರುವ ತಂತಿ ಜಾಲರಿಯ ಒಂದು ಎಳೆ ಅದಕ್ಕೆ ತಾಗಿದರೂ ಶಾರ್ಟ್, ಎಲ್ಲ ಚಾನೆಲ್ ಹೋಯಿತು. ಇದೇ ಕೇಬಲ್‌ನಲ್ಲಿ ಎಲ್‌ಎನ್‌ಬಿಗೆ 13 ಇಲ್ಲವೆ 18 ವೋಲ್ಟ್ ಹೋಗುವುದರಿಂದ ಬಾಕ್ಸಿನ ಪ್ಲಗ್ ಕಿತ್ತೇ ಕನೆಕ್ಟರ್ ಮುಟ್ಟಿ. ಹೊರಗಿನ ಕನೆಕ್ಟರಿಗೆ ಎಳೆದು ಸುತ್ತುವ ರಬ್ಬರ್ ಟೇಪ್ ಹಾಕಿ, ಸಾಮಾನ್ಯ ಇನ್ಸುಲೇಷನ್ ಟೇಪ್ ಬಿಸಿಲಿಗೆ ಬಿಚ್ಚಿಕೊಳ್ಳುತ್ತದೆ. ಕೇಬಲ್ ಗೋಡೆಯೊಳಗೆ ಹೋಗುವ ಮುನ್ನ ಕೆಳಕ್ಕೆ ಒಂದು ಬಳುಕು ಕೊಟ್ಟರೆ ಹರಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಕಂಬಕ್ಕೆ ತಾಮ್ರದ ತಂತಿಯಿಂದ ಅರ್ತಿಂಗ್ ಕೊಡಿ. ಆದರೂ ಗುಡುಗು ಶುರುವಾಗುವ ಮೊದಲೇ ಕೇಬಲನ್ನೂ ಪ್ಲಗ್ಗನ್ನೂ ತೆಗೆದಿಡುವುದು ಒಳ್ಳೆಯದು.

ಇಷ್ಟೆಲ್ಲ ಸರಿಯಿದ್ದೂ ಜಡಿಮಳೆಯಲ್ಲಿ ಚಿತ್ರ ಹೋಗುತ್ತಿದ್ದರೆ ಆಗ ದೊಡ್ಡ ಡಿಶ್. ಮಲೆನಾಡು, ಕರಾವಳಿಗೆ 90 ಸೆಂಟಿಮೀಟರ್ ಹಾಕಿದರೆ 60ಕ್ಕಿಂತ ಮೂರೂವರೆ ಡೆಸಿಬೆಲ್ ಹೆಚ್ಚು ಸಿಗ್ನಲ್ ಸಿಗುತ್ತದೆ. ಆದರೆ ಗಾಳಿ ಹಿಡಿಯುವ ಮೈ ಎರಡು ಪಟ್ಟು ಮೀರುತ್ತದೆ, ಕಂಬಕ್ಕೆ ಓರೆ ಆಸರೆ ಬೇಕೇ ಬೇಕು.

ತೆಂಗಿನ ಗರಿ ಅಡ್ಡವಿದೆಯೇ ಎಂದು ತಿಳಿಯಲು ಸೂರ್ಯನನ್ನೇ ಬಳಸಬಹುದು. ಮಾರ್ಚ್ 15ರ ಸುಮಾರಿಗೆ ಬೆಳಿಗ್ಗೆ 11:15ಕ್ಕೆ, ಸೆಪ್ಟೆಂಬರ್ ಕೊನೆಗೆ 11 ಗಂಟೆಗೆ ಬೆಂಗಳೂರಿನಿಂದ ನೋಡಿದರೆ ಸೂರ್ಯ ಇದೇ ಉಪಗ್ರಹದ ಹಿಂದೆ ಬರುತ್ತಾನೆ. ಆಗ ತಟ್ಟೆಯ ಮೇಲೆ ಗರಿಯ ನೆರಳು ಬಿದ್ದರೆ ಸಿಗ್ನಲ್ಲಿಗೂ ಅದೇ ಅಡ್ಡ. ಆ ದಿನಗಳಲ್ಲಿ ಕೆಲವು ನಿಮಿಷ ಸಿಗ್ನಲ್ ತಾನಾಗಿಯೇ ಹೋಗಿ ಬರುತ್ತದೆ, ಆಗ ಸ್ಪ್ಯಾನರ್ ಹಿಡಿದು ತಾರಸಿ ಹತ್ತಬೇಡಿ.