60 ಅಡಿ ಗೋಡೆಗೆ 40 ಆನೆ

ಹಾಸನದ ನಮ್ಮ ಬೀದಿಯ ಒಂದು ಕಾಂಪೌಂಡ್ ಗೋಡೆ 60 ಅಡಿ ಉದ್ದ, 5 ಅಡಿ ಎತ್ತರ. ಅಕ್ಕಪಕ್ಕದವರೆಲ್ಲ ಸೇರಿ ಅದರ ಮೇಲೆ ಚಿತ್ರ ಬಿಡಿಸಿ ಬಣ್ಣ ಹಾಕಬೇಕೆಂದರೆ, ಚಿತ್ರ ಎಷ್ಟು ಚೆನ್ನಾಗಿದೆ ಅನ್ನುವುದಕ್ಕಿಂತ ಎಷ್ಟು ಕೈಗೆ ಹಂಚಬಹುದು ಅನ್ನುವುದನ್ನು ಮೊದಲು ನೋಡಬೇಕು. ಒಂದೇ ದೊಡ್ಡ ದೃಶ್ಯವಾದರೆ ಚಿತ್ರ ಬರೆಯಲು ಬರುವವರೊಬ್ಬರೇ ಬಿಡಿಸುತ್ತಾರೆ, ಮಿಕ್ಕವರು ಕಾಫಿ ಲೋಟ ಹಿಡಿದು ನಿಂತಿರುತ್ತಾರೆ. ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಟ್ಟಿಕೆಗಳು (ಗೋಡೆಯುದ್ದಕ್ಕೂ ಸಾಲಾಗಿ ಕೆತ್ತಿದ ಪಟ್ಟಿಗಳು) ಇದಕ್ಕೆ ಹೇಳಿ ಮಾಡಿಸಿದಂತಿವೆ: ತಳದಲ್ಲಿ ಆನೆ, ನಡುವೆ ಬಳ್ಳಿ, ಮೇಲೆ ಹಂಸ. ಆನೆ ಮಕ್ಕಳ ಎತ್ತರಕ್ಕೆ ಸಿಗುತ್ತದೆ. ಬಳ್ಳಿ ರಂಗೋಲಿಯ ಕೈಯವರಿಗೆ. ಹಂಸವನ್ನು ಮಂಡಿ ನೋವಿನವರು ಬಗ್ಗದೆ ನಿಂತೇ ಹಚ್ಚಬಹುದು. ಸಿಂಹ, ಕುದುರೆ ಕೈಬಿಟ್ಟೆವು; ಕಾಲು, ಜೂಲು ವಿಪರೀತ.

ಒಪ್ಪಿಗೆ ಬಾಡಿಗೆದಾರರದ್ದಲ್ಲ, ಮನೆ ಮಾಲೀಕರದ್ದೇ ಬೇಕು, ಅದೂ ಕಾಗದದಲ್ಲಿ. ದೇವರು, ಬಾವುಟ, ನಾಯಕರ ಮುಖ ಬೇಡ ಅಂತ ಅದರಲ್ಲೇ ಬರೆಯಿರಿ. ಬರೆದ ದೇವರ ಮೇಲೆ ಮುಂದೆ ಸುಣ್ಣ ಬಳಿಯಲು ಯಾರಿಗೂ ಧೈರ್ಯ ಬರುವುದಿಲ್ಲ.

ಕರೆಯಲು ವಾಟ್ಸಾಪ್ ಒಂದೇ ಸಾಲದು. ಬಣ್ಣದ ನಕ್ಷೆ ಹಿಡಿದು ಮನೆಮನೆಗೆ ಹೋಗಬೇಕು. "ಬರ್ತೀರಾ?" ಅಂದರೆ "ನೋಡಣ" ಅಂತಾರೆ, "ಹತ್ತಕ್ಕೋ, ಹನ್ನೊಂದಕ್ಕೋ?" ಅಂದರೆ ಹೊತ್ತು ಹೇಳುತ್ತಾರೆ. "ನಂಗೆ ಬಿಡ್ಸಕ್ಕೆ ಬರಲ್ಲ ಕಣ್ರೀ" ಅಂದವರಿಗೆ "ಬಾಗಿಲಿಗೆ ದಿನಾ ರಂಗೋಲಿ ಹಾಕ್ತೀರಲ್ಲ ಅಕ್ಕ, ಅದೇ ಇದು" ಅಂದರಾಯಿತು. ಗೋಡೆಯ ಮುಂದೆ ಒಮ್ಮೆಗೆ ಹತ್ತು ಜನಕ್ಕಿಂತ ಹೆಚ್ಚು ಬೇಡ.

ಸಂಕ್ರಾಂತಿ ಕಳೆದ ಮೇಲೆ, ರೇವತಿ ಮಳೆಗೆ ಮುಂಚೆ ಮುಗಿಸಬೇಕು. ಬೆಳಗ್ಗೆ ಇಬ್ಬನಿಯ ತೇವ ಆರುವ ತನಕ ಬ್ರಷ್ ಮುಟ್ಟಬೇಡಿ.

ಕೆಲಸ ಕೆಡುವುದು ಹೆಚ್ಚಾಗಿ ತಯಾರಿಯಲ್ಲೇ. ಗೋಡೆಗೆ ಅಂಗೈ ಉಜ್ಜಿ ನೋಡಿ: ಬಿಳಿ ಹತ್ತಿದರೆ ಹಳೆಯ ಸುಣ್ಣ ಇದೆ ಅಂತ. ಕೆರೆದು ತೆಗೆಯದಿದ್ದರೆ ಬಣ್ಣ ಹಪ್ಪಳದ ಹಾಗೆ ಏಳುತ್ತದೆ. ಪಾಚಿಗೆ ಒಂದು ಬಕೆಟ್ ನೀರಿಗೆ ಎರಡು ಹಿಡಿ ಬ್ಲೀಚಿಂಗ್ ಪೌಡರ್ (ಕೈಗವಸು ಹಾಕಿಕೊಂಡು), ಅರ್ಧ ಗಂಟೆ ಬಿಟ್ಟು ಉಜ್ಜಿ, ತೊಳೆದು, ಮೂರು ದಿನ ಒಣಗಿಸಿ. ಆಮೇಲೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ರಾತ್ರಿ ಗೋಡೆಗೆ ಟೇಪ್ ಹಾಕಿ ಅಂಟಿಸಿ. ಬೆಳಗ್ಗೆ ಹಾಳೆಯ ಒಳಗೆ ನೀರಹನಿ ಕಂಡರೆ ಇನ್ನೂ ಕಾಯಬೇಕು. ಈ 300 ಚದರಡಿಗೆ ಹೊರಗೋಡೆಯ ಪ್ರೈಮರ್ 3 ಲೀಟರ್, ಎರಡು ಕೋಟ್‌ಗೆ ಎಮಲ್ಷನ್ 6 ಲೀಟರ್. ಚಿತ್ರಕ್ಕೆ ಕಾವಿ, ಹಳದಿ, ಕಪ್ಪು, ಬಿಳಿ ತಲಾ ಒಂದು ಲೀಟರ್. ಕಡುಬಣ್ಣಗಳನ್ನು ಅಂಗಡಿಯ ಮಷೀನ್‌ನಲ್ಲೇ ಮಾಡಿಸಿ. ಮನೆಯಲ್ಲಿ ಸ್ಟೈನರ್ ಬೆರೆಸಿ ಗಾಢ ಮಾಡಲು ಹೋದರೆ, ಲೀಟರಿಗೆ 40 ಮಿ.ಲೀ. ದಾಟುತ್ತಲೇ ಬಣ್ಣ ಸರಿಯಾಗಿ ಆರದೆ ಮಳೆಗೆ ಇಳಿಯುತ್ತದೆ.

ಕೆಳಗಿನ 9 ಇಂಚು ಬರೀ ಕಾವಿ, ಮಳೆಯ ಕೆಸರು ಸಿಡಿಯುವ ಜಾಗ. ಆಮೇಲೆ ಆನೆಗೆ 15, ಬಳ್ಳಿಗೆ 18, ಹಂಸಕ್ಕೆ 12 ಇಂಚು. ಮೇಲಿನ 6 ಖಾಲಿ. ದಾರಕ್ಕೆ ಕಾವಿಪುಡಿ ಹಚ್ಚಿ ಎರಡು ತುದಿ ಬಿಗಿಹಿಡಿದು ಮಿಡಿದರೆ ಗೆರೆ ಬೀಳುತ್ತದೆ. ಇಳಿಜಾರು ರಸ್ತೆಯಾದರೆ ನೀರು ತುಂಬಿ ಮಟ್ಟ ನೋಡುವ ಲೆವೆಲ್ ಪೈಪ್ ಬೇಡ, ಗೋಡೆಯ ಮೇಲಂಚಿನಿಂದಲೇ ಅಳೆಯಿರಿ. ಇಲ್ಲದಿದ್ದರೆ ಪಟ್ಟಿಯೇ ಸೊಟ್ಟಗಾದಂತೆ ಕಾಣುತ್ತದೆ.

ಆನೆಯ ಅಚ್ಚಿಗೆ (ಆಕಾರ ಕತ್ತರಿಸಿ ತೆಗೆದ ಹಾಳೆ) ಹಳೆಯ ಎಕ್ಸ್‌ರೇ ಹಾಳೆಗಿಂತ ಒಳ್ಳೆಯದಿಲ್ಲ. 14×17 ಇಂಚಿನ ಹಾಳೆಯಲ್ಲಿ 15 ಇಂಚು ಉದ್ದದ ಆನೆ ಕೂರುತ್ತದೆ; ನಡುವೆ 3 ಇಂಚು ಬಿಟ್ಟರೆ 60 ಅಡಿಗೆ 40. ಬಣ್ಣಕ್ಕೆ ನೀರು ಬೆರೆಸಬಾರದು. ಸ್ಪಂಜನ್ನು ಅದ್ದಿ, ಪೇಪರಿನ ಮೇಲೆ ಎರಡು ಸಲ ಒತ್ತಿ, ಆಮೇಲೆ ಗೋಡೆಗೆ ತಟ್ಟಬೇಕು. ಎಳೆದರೆ ಬಣ್ಣ ಅಚ್ಚಿನಡಿ ನುಗ್ಗಿ ಆನೆಗೆ ಐದನೇ ಕಾಲು ಮೂಡುತ್ತದೆ. ಆರೇಳು ಆನೆಗೊಮ್ಮೆ ಅಚ್ಚಿನ ಹಿಂಬದಿ ಒರೆಸಲೇಬೇಕು, ಹಾಗಾಗಿ ಎರಡು ಅಚ್ಚು ಕತ್ತರಿಸಿಕೊಳ್ಳಿ. ಬಳ್ಳಿಗೆ ಅಚ್ಚು ಬೇಡ. 6 ಇಂಚಿಗೊಂದು ಚುಕ್ಕಿ, ಮೂರು ಸಾಲು ಇಟ್ಟುಕೊಟ್ಟರೆ ಹೆಂಗಸರು ಕಣ್ಣು ಮಿಟುಕಿಸುವಷ್ಟರಲ್ಲಿ ಸುತ್ತಿಬಿಡುತ್ತಾರೆ.

ಬ್ರಷ್ ತೊಳೆದ ನೀರನ್ನು ಚರಂಡಿಗೆ ಚೆಲ್ಲದೆ ಬಕೆಟ್ಟಿನಲ್ಲೇ ತಿಳಿಯಾಗಲು ಬಿಡಿ. ಪ್ರತಿ ಬಣ್ಣದಲ್ಲೂ 100 ಮಿ.ಲೀ. ಬಾಟಲಿಗೆ ಹಾಕಿ, ಶೇಡ್ ನಂಬರ್ ಬರೆದಿಡಿ. ಮಳೆಗಾಲ ಕಳೆದ ಮೇಲೆ ಕಾವಿ ಪಟ್ಟಿಗೆ ಇನ್ನೊಂದು ಕೈ ಬೇಕಾಗುತ್ತದೆ.